ಮುನ್ನೂರು ಚದರಡಿ ಗೋಡೆ

ಗೋಡೆಯ ಮಾತು ಮನೆಗೆ ಬಂದದ್ದು ಜೂನ್ ತಿಂಗಳ ಒಂದು ಭಾನುವಾರ, ಪುಂಡಿಪಲ್ಯೆ ಇನ್ನೂ ಒಲೆಯ ಮೇಲಿರುವಾಗ. ಗದಿಗೆಮ್ಮ ಹತ್ತನೆಯ ರೊಟ್ಟಿ ತಟ್ಟುತ್ತಿದ್ದಳು. ಮಗ ಆನಂದಕುಮಾರ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಕೂಗಿದ.

"ಅಕ್ಕಾ, ನಿನಗೊಂದು ಗ್ವಾಡಿ ತಂದೀನಿ!"

"ಹೆಗಲ ಮ್ಯಾಲ ಹೊತ್ತು ತಂದಿಯೇನು? ಇಳಿಸು, ಭಾರ ಆಗಿರಬೇಕು" ಎಂದಳು ಭಾಗ್ಯಶ್ರೀ. ಕಿಟಕಿಯ ಕೆಳಗೆ ಕುಳಿತು ಅವಳು ಶಾಲೆಯ ಗೈಡ್ ಪುಸ್ತಕಕ್ಕೆ ಮಾವಿನಹಣ್ಣಿನ ಚಿತ್ರ ಬರೆಯುತ್ತಿದ್ದಳು. ಚಿತ್ರವೊಂದಕ್ಕೆ ಮೂವತ್ತು ರೂಪಾಯಿ.

ಅದು ೨೦೦೬. ಹೈದರಾಬಾದಿನ ಬಾಲಾನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾಲ್ಕು ಜನ. ಲಿಂಗಸುಗೂರಿನ ಕಡೆಯಿಂದ ಬಂದ ಗದಿಗೆಮ್ಮನ ಗಂಡ ಲಿಂಗಣ್ಣ ಬಾಲಾನಗರದ್ದೇ ಒಂದು ಲೇತ್ ಶಾಪಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಕಬ್ಬಿಣ ಕಡೆಯುವ ಟರ್ನರ್. ಮಗಳು ಭಾಗ್ಯಶ್ರೀಗೆ ಇಪ್ಪತ್ತಾರು. ಚಿತ್ರಕಲೆಯಲ್ಲಿ ನಾಲ್ಕು ವರ್ಷದ ಡಿಗ್ರಿ ಮುಗಿಸಿ, ಮೂರು ವರ್ಷಗಳಿಂದ ಮನೆಯಲ್ಲೇ ಕೂತು ಬಂದ ಕೆಲಸ ಮಾಡುತ್ತಿದ್ದಳು: ಗೈಡ್ ಪುಸ್ತಕ, ಲಗ್ನಪತ್ರಿಕೆ, ಮಿಠಾಯಿ ಅಂಗಡಿಯ ಬೋರ್ಡು. ದಸರೆಯೊಳಗೆ ಚಿತ್ರದಿಂದ ನೆಟ್ಟಗೆ ಸಂಪಾದನೆ ಕಾಣದಿದ್ದರೆ ಖಾಸಗಿ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಬೇಕು, ತಿಂಗಳಿಗೆ ಎರಡು ಸಾವಿರದ ಎಂಟುನೂರು, ಎಂದು ಲಿಂಗಣ್ಣ ಹೇಳಿಯಾಗಿತ್ತು. ಆನಂದಕುಮಾರ ಮಾಧಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದ. ಓಣಿಯ ಜನ ಅವನನ್ನು ಇಂಜಿನಿಯರ್ ಎಂದೇ ತಿಳಿದಿದ್ದರು. ಅವನು ನೋಡಿಕೊಳ್ಳುತ್ತಿದ್ದದ್ದು ಗುರುತಿನ ಚೀಟಿ, ಕ್ಯಾಂಟೀನ್ ಕೂಪನ್ನು ಮತ್ತು ಕುಂಡದ ಗಿಡಗಳನ್ನು. ಅದೂ ಏಜೆನ್ಸಿಯ ಮೂಲಕ, ಮೂರು ತಿಂಗಳಿಗೊಮ್ಮೆ ನವೀಕರಣ.

"ಹೊಸ ಬಿಲ್ಡಿಂಗಿನ ಲಾಬಿ. ಮೂವತ್ತು ಅಡಿ ಉದ್ದ, ಹತ್ತಡಿ ಎತ್ತರ" ಎಂದ ಆನಂದ, ಗೋಡೆಗೆ ಬೆನ್ನು ಕೊಟ್ಟು ಕುಳಿತು. "ಹೈದರಾಬಾದಿನ ಚಿತ್ರ ಏನರ ಬರೀಬೇಕಂತ. ನಮ್ಮ ಮ್ಯಾನೇಜರ್ ಮೋಹನ್ ಸರ್ ನನ್ನ ಕೇಳಿದ್ರು, ನಿಮ್ಮಕ್ಕ ಆರ್ಟಿಸ್ಟ್ ಅಲ್ಲೇನು ಅಂತ."

"ಎಷ್ಟು ಕೊಡ್ತಾರಂತ?"

ಆನಂದ ತಾಟು ಹತ್ತಿರ ಎಳೆದುಕೊಂಡ. "ಕೊಡೂದು ಅಂದ್ರ... ಬಣ್ಣ ಅವರದ. ಓಪನಿಂಗ್ ದಿನ ಸ್ಟೇಜಿನ ಮ್ಯಾಲ ಶಾಲು ಹೊಚ್ಚಿ ಸನ್ಮಾನ. ಅಮೆರಿಕಾದ ಮಂದಿ ಬರ್ತಾರ, ನೋಡ್ತಾರ. ನಿನ್ನ ಹೆಸರಾಗ್ತೈತಿ."

"ರೊಕ್ಕದ ಮಾತು ಕೇಳಿದೆ ನಾ."

"ನಮ್ಮಕ್ಕ ರೊಕ್ಕ ತಗೊಳ್ಳಂಗಿಲ್ಲ, ಖುಷಿಲೆ ಮಾಡ್ತಾಳ ಅಂತ ಮಾತು ಕೊಟ್ಟೀನಿ ಅಕ್ಕಾ. ಮುಂದಿನ ತಿಂಗಳು ನನ್ನ ಪರ್ಮನೆಂಟ್ ಮಾಡೂ ಫೈಲು ಅವರ ಟೇಬಲ್ ಮ್ಯಾಲ ಬರ್ತೈತಿ."

ಭಾಗ್ಯಶ್ರೀ ಬ್ರಷ್ಷನ್ನು ನೀರಿನ ಲೋಟಕ್ಕೆ ಹಾಕಿದಳು. "ನನ್ನ ಕೈ ಇಟ್ಟು ನೀ ಮಾತು ಕೊಟ್ಟಿಯೇನು? ನಿನ್ನ ಒಂದು ತಿಂಗಳ ಪಗಾರ ತಗೊಬ್ಯಾಡಂತ ನಾ ಯಾರಿಗರ ಮಾತು ಕೊಟ್ಟೀನೇನು?"

"ಮನಿಗೇ ಚಲೋ ಆಗೂದೈತಲ್ಲ" ಎಂದ ಲಿಂಗಣ್ಣ, ರೊಟ್ಟಿ ಮುರಿಯುತ್ತ. "ತಮ್ಮ ಮಾತು ಕೊಟ್ಟಾನ. ಹತ್ತು ದಿನದ ಕೆಲಸ. ಹೋಗಿ ಬಾ."

ಗದಿಗೆಮ್ಮನೂ ಆಗ ಹಾಗೆಯೇ ಎಂದಳು. ದಿನಾ ಬೆಳಿಗ್ಗೆ ಅವಳು ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದಳು. ಅದಕ್ಕೆ ಯಾರೂ ದುಡ್ಡು ಕೊಟ್ಟಿರಲಿಲ್ಲ, ಅವಳೂ ಕೇಳಿರಲಿಲ್ಲ. "ಕುಂತು ಬರಿಯಾಕಿ ನಾಕು ದಿನ ನಿಂತು ಬರೀವಲ್ಲಿ ಯಾಕ?" ಎಂದು ನಕ್ಕಳು. ಮಗಳು ನಗಲಿಲ್ಲ.

"ಮಾತು ಕೊಟ್ಟಾವ ಅವ, ನಾನಲ್ಲ. ಸ್ಯಾಂಪಲ್ ಬರದು ತೋರಿಸ್ತೀನಿ. ದರ ನಾನ ಕೇಳ್ತೀನಿ" ಎಂದಳು.

ಸ್ಯಾಂಪಲ್‌ಗೆ ಆರು ದಿನ ಹಿಡಿಯಿತು. ಮೂರಡಿ ಉದ್ದ, ಒಂದಡಿ ಅಗಲದ ಹಾಳೆಯ ಮೇಲೆ ಮಾಧಾಪುರದ ಬಂಡೆಗಲ್ಲುಗಳನ್ನು ಬರೆದಳು. ಒಂದರ ಮೇಲೊಂದು ಕೂತ ಗುಂಡುಗಳು, ಸಂದಿಯಲ್ಲಿ ಸೀತಾಫಲದ ಗಿಡ, ಆಡು ಕಾಯುವವರು, ಬಂಡೆಯ ಹಿಂದಿನಿಂದ ಏಳುತ್ತಿರುವ ಗಾಜಿನ ಕಟ್ಟಡ. ಆಡಳಿತ ವಿಭಾಗದ ಮ್ಯಾನೇಜರ್ ಮೋಹನ್‌ಗೆ ಹಿಡಿಸಿತು. ಮೇಲಿನವರಿಗೆ ತೋರಿಸುತ್ತೇನೆಂದು ಹಾಳೆಯನ್ನು ತಾನೇ ಇಟ್ಟುಕೊಂಡ. ಭಾಗ್ಯಶ್ರೀಯ ಬಳಿ ಉಳಿದದ್ದು ಪೆನ್ಸಿಲಿನ ಒಂದು ನಕಲು. ದರ ಕೇಳಿದ್ದಕ್ಕೆ ಆತ "ಮೊದಲು ಸ್ಟಾರ್ಟ್ ಮಾಡಮ್ಮಾ, ಚೂದ್ದಾಂ" ಎಂದನಂತೆ. ನೋಡೋಣ ಎಂದು. ಗದಿಗೆಮ್ಮನಿಗೆ ಈ ಊರಿನ ಆ ಮಾತು ಚೆನ್ನಾಗಿ ಗೊತ್ತಿತ್ತು. ನಲ್ಲಿ ಸೋರುತ್ತದೆ ಎಂದು ಮನೆ ಮಾಲೀಕನಿಗೆ ಹೇಳಿದರೆ ಅವನೂ ಅದನ್ನೇ ಅನ್ನುತ್ತಿದ್ದ; ನಲ್ಲಿ ನಾಲ್ಕು ವರ್ಷದಿಂದ ಸೋರುತ್ತಿತ್ತು.

ಕಟ್ಟಡದ ಕೆಲಸ ಇನ್ನೂ ನಡೆದಿತ್ತು. ಹೆಣ್ಣುಮಗಳೊಬ್ಬಳೇ ಬೊಂಬಿನ ಅಟ್ಟಣಿಗೆ ಹತ್ತುವುದು ಬೇಡವೆಂದು ಗದಿಗೆಮ್ಮ ಜೊತೆಗೆ ಹೊರಟಳು. ನಸುಕಿನಲ್ಲೆದ್ದು ಅಡುಗೆ ಮುಗಿಸಿ, ಇಬ್ಬರೂ ಫತೇನಗರ ಸ್ಟೇಷನ್ನಿಗೆ ನಡೆದು, ಎಂಎಂಟಿಎಸ್ ರೈಲು ಹಿಡಿದು ಹೈಟೆಕ್ ಸಿಟಿಯಲ್ಲಿ ಇಳಿದು, ಅಲ್ಲಿಂದ ಶೇರ್ ಆಟೋ. ಟಿಕೆಟ್ಟು, ಆಟೋ ಎಲ್ಲ ಮನೆಯದೇ. ಸಣ್ಣ ಬ್ರಷ್ಷುಗಳೂ ಮನೆಯವೇ, ಏಕೆಂದರೆ ಕಂಪನಿ ಕೊಟ್ಟದ್ದು ಕಾಂಪೌಂಡಿಗೆ ಸುಣ್ಣ ಹೊಡೆಯುವ ಬ್ರಷ್ಷು.

ಚಿತ್ರ ಬರೆಯುವುದೆಂದರೆ ಏನು ಎಂಬುದನ್ನು ಗದಿಗೆಮ್ಮ ಮೊದಲ ಸಲ ಕಂಡಳು. ಗೋಡೆಯನ್ನು ತೊಳೆದು, ಉಜ್ಜಿ, ಪ್ರೈಮರ್ ಹೊಡೆಯುವುದಕ್ಕೇ ಎರಡು ದಿನ. ಆಮೇಲೆ ನೀಲಿ ಪುಡಿ ಹಚ್ಚಿದ ದಾರ. ಒಂದು ತುದಿ ತಾಯಿ, ಇನ್ನೊಂದು ತುದಿ ಮಗಳು ಹಿಡಿದು ಎಳೆದು ಮೀಟಿದರೆ ಗೋಡೆಯ ಮೇಲೊಂದು ಗೆರೆ. ಹಾಗೆ ಅಡ್ಡ, ಉದ್ದ, ನಾನೂರ ಮೂವತ್ತೆರಡು ಚೌಕ. ಹಾಳೆಯ ಮೇಲಿನ ಒಂದಿಂಚು ಗೋಡೆಯ ಮೇಲೆ ಹತ್ತಿಂಚು. ಒಂದು ಚೌಕ ತಪ್ಪಿದರೆ ಬಂಡೆ ಸೊಟ್ಟ. ಐದನೆಯ ದಿನ ಭಾಗ್ಯಶ್ರೀಗೆ ಬಲಗೈ ತಲೆಯ ಮೇಲೆ ಎತ್ತಲಾಗಲಿಲ್ಲ. ಹತ್ತು ವರ್ಷದ ಮೇಲೆ ಗದಿಗೆಮ್ಮ ಮತ್ತೆ ಮಗಳಿಗೆ ಹೆರಳು ಹಾಕಿದಳು.

ಕಟ್ಟಡದ ಕೂಲಿಯವರು ಯಾದಗಿರಿ, ಸುರಪುರದ ಕಡೆಯವರು. ಮೇಸ್ತ್ರಿ ಹುಲಗೇಶನಿಗೆ ಲಿಂಗಸುಗೂರಿನಲ್ಲಿ ಅಕ್ಕನ ಮನೆಯಿತ್ತು. ಅಷ್ಟಕ್ಕೇ ಗದಿಗೆಮ್ಮ ಅವನಿಗೆ "ಅಕ್ಕಾರ" ಆದಳು. ಉಸುಕು ಹೊರುವ ಶಿವದೇವಿ ಬುಟ್ಟಿ ಇಳಿಸಿದಾಗಲೆಲ್ಲ ಗೋಡೆಯ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದಳು.

"ಯವ್ವಾ, ಈ ಗುಂಡು ಇಲ್ಲೇ ಇತ್ತು! ಹೋದ ವರ್ಷ ಮದ್ದು ಹಾಕಿ ಒಡದ್ರು. ಅದರ ಚೂರು ನಾನ ಹೊತ್ತೀನಿ."

"ಹೌದೇನು? ಬಣ್ಣ ಸರಿ ಐತಿಲ್ಲ?" ಎಂದು ಭಾಗ್ಯಶ್ರೀ ಮೇಲಿನಿಂದ ಕೇಳಿದಳು.

"ಇನ್ನೊಂಚೂರು ಕರಿ ಇತ್ತು. ಮಳಿ ನೀರು ಇಳಿದಿಳಿದು ಕರಿ ಆಗಿತ್ತದು. ದಿನಕ್ಕ ಎಷ್ಟು ಹಾಕ್ಯಾರ ತಂಗಿ ನಿನಗ? ನನಗ ನೂರಾ ಹತ್ತು."

"ಇನ್ನೂ ಮಾತಾಗಿಲ್ಲ."

ಶಿವದೇವಿ ಬಾಯಿಗೆ ಸೆರಗು ಒತ್ತಿದಳು. "ಮಾತಾಗದ ಮ್ಯಾಲ ಏರಿಯೇನು!"

ಆ ಮಾತು ಗದಿಗೆಮ್ಮನಿಗೆ ಮುಳ್ಳಿನ ಹಾಗೆ ಹತ್ತಿತು. ಅಂದಿನಿಂದ ಅವಳು ಸುತ್ತ ನೋಡತೊಡಗಿದಳು. ಟೈಲ್ಸ್ ಕೂರಿಸುವವನಿಗೆ ಚದರಡಿಯ ಲೆಕ್ಕ. ಗಾಜು ಒರೆಸುವವಳಿಗೆ ದಿನದ ಲೆಕ್ಕ. ಪ್ಲಾಸ್ಟಿಕ್ ಹೂವಿನ ಕುಂಡ ತಂದು ಇಳಿಸಿದವನೂ ಚೀಟಿಗೆ ಸಹಿ ಹಾಕಿಸಿಕೊಂಡು ಹೋದ.

ಶನಿವಾರ ಸಂಜೆ ಐದಕ್ಕೆ ಹುಲಗೇಶ ಸಿಮೆಂಟಿನ ಚೀಲದ ಮೇಲೆ ಕುಳಿತು ಬಟವಡೆ ಶುರುಮಾಡಿದ. ಹೆಸರು ಕೂಗುವುದು, ವಾರದ ಕೂಲಿ ಕೈಗಿಡುವುದು. ಗದಿಗೆಮ್ಮನ ತಾಯಿ ಇಳಕಲ್ಲಿನ ಕಲ್ಲು ಕ್ವಾರಿಯಲ್ಲಿ ದುಡಿದವಳು; ಶನಿವಾರ ಅವಳ ಸೆರಗು ಹಿಡಿದು ಬಟವಡೆಯ ಸಾಲಿನಲ್ಲಿ ನಿಂತೇ ಗದಿಗೆಮ್ಮ ಬೆಳೆದದ್ದು. ಕೆಲಸದ ಜಾಗದಲ್ಲಿ ವಾರವಿಡೀ ಮೈಮುರಿದವರು ಶನಿವಾರ ಸಾಲಿಗೆ ನಿಲ್ಲುತ್ತಾರೆ, ಕೂಲಿ ಯಾರ ಗಂಟಿನಿಂದ ಬಂದರೂ ಕೊಡುವವನು ಮೇಸ್ತ್ರಿ: ಅವಳಿಗೆ ಗೊತ್ತಿದ್ದ ಲೋಕದಲ್ಲಿ ಇದಕ್ಕೆ ಬೇರೆ ರೀತಿಯೇ ಇರಲಿಲ್ಲ. ಮಗಳು ಹೊರಗೆ ಬ್ರಷ್ ತೊಳೆಯಲು ಹೋಗಿದ್ದಳು. ಗದಿಗೆಮ್ಮ ಸೆರಗು ಸರಿಮಾಡಿಕೊಂಡು ಶಿವದೇವಿಯ ಹಿಂದೆ ನಿಂತಳು.

"ಅಕ್ಕಾರ, ನೀವ್ಯಾಕ ನಿಂತೀರಿ?" ಹುಲಗೇಶ ತಲೆ ಎತ್ತಿದ.

"ಭಾಗ್ಯಶ್ರೀ ಹೆಸರು ನೋಡಪ್ಪ. ಎಂಟು ದಿನ ಆತು."

ಹಿಂದಿನವರು ನಕ್ಕರು. ಕೆಟ್ಟ ನಗೆಯಲ್ಲ, ತಮ್ಮ ಸಾಲಿನಲ್ಲಿ ಇಸ್ತ್ರಿ ಮಾಡಿದ ಸೀರೆ ಕಂಡು ನಕ್ಕದ್ದು. ಹುಲಗೇಶ ಮಾತ್ರ ನಗಲಿಲ್ಲ. "ಅಕ್ಕಾರ, ನನ್ನ ಕಡೆ ಅವರ ಹೆಸರಿಲ್ರಿ. ಅವರದು ಕಂಪನಿ ಲೆಕ್ಕ. ಅಲ್ಲಿ ಕೇಳ್ರಿ."

ಅದೇ ಹೊತ್ತಿಗೆ ಮೋಹನ್ ಟೈ ಕಟ್ಟಿದ ಇಬ್ಬರನ್ನು ಕರೆದುಕೊಂಡು ಲಾಬಿಗೆ ಬಂದ. ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದ ಆನಂದಕುಮಾರ. ನಗು ಕೇಳಿ ಮೋಹನ್ ತಿರುಗಿದ.

"ಯಾರು ಆಕೆ? ಏನಂತೆ?" ಎಂದು ಹಿಂದಿಯಲ್ಲಿ ಕೇಳಿದ.

ಆನಂದ ತಾಯಿಯನ್ನು ನೋಡಿದ. "ಲೇಬರ್, ಸರ್" ಎಂದ.

ಆ ರಾತ್ರಿ ಎಲ್ಲರೂ ಊಟಕ್ಕೆ ಕೂತ ಮೇಲೆ, ಮಗನ ತಾಟಿಗೆ ಸಾರು ಬಡಿಸುತ್ತ ಗದಿಗೆಮ್ಮ ಹೇಳಿದಳು.

"ಇವತ್ತ ನಿಮ್ಮ ಮಗ ನನಗ ಲೇಬರ್ ಅಂದ, ಕೇಳ್ರಿ."

ಲಿಂಗಣ್ಣ ಕೈ ತಡೆದ. ಆನಂದ ತಾಟು ಹಿಂದಕ್ಕೆ ತಳ್ಳಿದ. "ಆ ಲೈನಿನಾಗ ನಿಂದ್ರು ಅಂತ ನಿನಗ ಯಾರಂದ್ರು? ಮೋಹನ್ ಸರ್ ಮುಂದ ನಮ್ಮವ್ವ ಕೂಲಿಯವರ ಸಾಲಿನಾಗ! ನಾ ಏನು ಹೇಳಬೇಕಿತ್ತು?"

"ಸುಳ್ಳು ಹೇಳ್ದಿ ಅನ್ನಾಕಿಲ್ಲ ನಾ. ದಾರ ಹಿಡದೀನಿ, ನೀರು ಹೊತ್ತೀನಿ, ಲೇಬರ್ ಹೌದು. ಖರೇ ಲೇಬರ್ ಆಗಿದ್ರ ನೂರಾ ಹತ್ತು ರೂಪಾಯಿ ಕೈಗೆ ಬರ್ತಿತ್ತು. ಅದೂ ಬರಲಿಲ್ಲ."

ಭಾಗ್ಯಶ್ರೀ ತಮ್ಮನನ್ನೇ ನೋಡುತ್ತಿದ್ದಳು. "ಅವ್ವಗ ಹಂಗಂದಿಯಾ?"

"ಅಕ್ಕಾ, ನೀ ಸುಮ್ಮನಿರು. ಖುಷಿಲೆ ಮಾಡೂ ಕೆಲಸಕ್ಕ ರೊಕ್ಕ ಕೇಳಿದ್ರ ಮಂದಿ ನಗ್ತಾರ."

"ನಿಮ್ಮ ಮೋಹನ್ ಸರ್ ದಿನಾ ಅಳಕೋಂತ ಆಫೀಸಿಗೆ ಬರ್ತಾನೇನು, ಪಗಾರ ತಗೊಳ್ಳಾಕ?" ಎಂದಳು ಗದಿಗೆಮ್ಮ.

"ಸಾಕು" ಎಂದ ಲಿಂಗಣ್ಣ. "ಅವ್ವಗ ಅಂದದ್ದು ತಪ್ಪು. ಆದ್ರ ಕೊಟ್ಟ ಮಾತು ಮಾತ. ಅರ್ಧ ಬರದು ಬಿಟ್ರ ಹುಡುಗನ ನೌಕ್ರಿಗೆ ಕಲ್ಲು ಬೀಳ್ತೈತಿ. ಮುಗಿಸಿ ಬರ್ರಿ, ಆಮ್ಯಾಲ ಚಿತ್ರ ಗಿತ್ರ ಬಿಟ್ಟು ಸಾಲ್ಯಾಗ ಟೀಚರ್ ಆಗು."

ಸೋಮವಾರ ಭಾಗ್ಯಶ್ರೀ ಅಟ್ಟಣಿಗೆ ಹತ್ತಲಿಲ್ಲ. ನೇರವಾಗಿ ಮೋಹನ್‌ನ ಕೋಣೆಗೆ ಹೋದಳು. ಗದಿಗೆಮ್ಮ ಗಾಜಿನ ಬಾಗಿಲಲ್ಲಿ ನಿಂತಿದ್ದಳು. ಅಲ್ಲಿನ ಮಾತು ತೆಲುಗಿನಲ್ಲಿ ನಡೆಯಿತು.

"ಚದರಡಿಗೆ ನಲವತ್ತು ರೂಪಾಯಿ, ಸರ್. ಒಟ್ಟು ಹನ್ನೆರಡು ಸಾವಿರ."

ಮೋಹನ್ ಕುರ್ಚಿ ತೋರಿಸಿದ. ಅವನದು ಕೂಗಾಡುವ ಸ್ವಭಾವವಲ್ಲ. ಅದೇ ಗದಿಗೆಮ್ಮನಿಗೆ ಹೆಚ್ಚು ಉರಿಸಿತು. "ನೋಡಮ್ಮಾ, ನಿಮ್ಮ ತಮ್ಮ ಫ್ರೀ ಎಂದಿದ್ದ. ಇದಕ್ಕೆ ಬಜೆಟ್ಟೇ ಇಲ್ಲ. ಆರುನೂರು ಜನ ದಿನಾ ಓಡಾಡುವ ಲಾಬಿ, ವಿದೇಶದ ಕ್ಲೈಂಟ್ಸ್ ಬರ್ತಾರೆ. ಇಂಥ ಜಾಗ ಸಿಕ್ಕರೆ ಕೆಲವರು ತಾವೇ ದುಡ್ಡು ಕೊಟ್ಟು ಬರೆಯುತ್ತಾರೆ. ಬೇಕಾದರೆ ಆಟೋ ಖರ್ಚಿಗೆ ಐನೂರು ಕೊಡಿಸ್ತೀನಿ."

"ಆರುನೂರು ಜನ ಕ್ಯಾಂಟೀನಿನಲ್ಲೂ ಉಣ್ಣುತ್ತಾರೆ, ಸರ್. ಅಡುಗೆಯವನಿಗೂ ಆಟೋ ಖರ್ಚೇ ಕೊಡುತ್ತೀರಾ?"

"ಅದು ಬೇರೆ, ಇದು ಬೇರೆ."

ಭಾಗ್ಯಶ್ರೀ ಎದ್ದು ಬಂದಳು. ಬ್ರಷ್ಷುಗಳನ್ನು ತೊಳೆದು ಹಳೆಯ ಟವೆಲ್ಲಿನಲ್ಲಿ ಸುತ್ತಿದಳು. ಮುನ್ನೂರರಲ್ಲಿ ನೂರ ಎಪ್ಪತ್ತು ಚದರಡಿ ಮುಗಿದಿತ್ತು. ಎಡಗಡೆ ಬಂಡೆಗಳು ನಿಂತಿದ್ದವು, ಬಲಗಡೆ ಬರೀ ನೀಲಿ ಚೌಕಗಳು. ಶಿವದೇವಿ ದೂರದಿಂದ ಕೈ ಎತ್ತಿದಳು.

ಆಮೇಲಿನ ಹತ್ತು ದಿನ ಮನೆಯಲ್ಲಿ ಪಾತ್ರೆಗಳ ಸದ್ದು ಮಾತ್ರ. ಆನಂದ ರಾತ್ರಿಯ ಊಟ ಕ್ಯಾಂಟೀನಿನಲ್ಲೇ ಮುಗಿಸಿ ಬರತೊಡಗಿದ. ಅಂಗಿ ತಾನೇ ಒಗೆದುಕೊಂಡ. ಕಾಲರಿನ ಕೊಳೆ ಹಾಗೇ ಉಳಿಯಿತು. ಭಾಗ್ಯಶ್ರೀ ಮತ್ತೆ ಗೈಡ್ ಪುಸ್ತಕದ ಮುಂದೆ ಕೂತು ಬಸ್ಸು, ಬಾಳೆಹಣ್ಣು, ಅಂಚೆಪೆಟ್ಟಿಗೆ ಬರೆದಳು. ಲಿಂಗಣ್ಣ ಶಾಲೆಯ ಹೆಡ್‌ಮಾಸ್ಟರನ್ನು ಕಂಡು ಬಂದ. "ಮುಂದಿನ ತಿಂಗಳು ಒಂದನೇ ತಾರೀಖಿನಿಂದ ಬರಲಿ ಅಂದಾರ" ಎಂದು ಗೋಡೆಗೆ ಹೇಳುವವನ ಹಾಗೆ ಹೇಳಿದ.

ಹನ್ನೊಂದನೆಯ ದಿನ ಆನಂದ ನಗುತ್ತ ಬಂದ. ಕೈಯಲ್ಲಿ ಜಿಲೇಬಿ ಪೊಟ್ಟಣ.

"ಬಗಿಹರೀತು ಅವ್ವಾ. ಯಾರೂ ಸಿಟ್ಟಾಗೂದು ಬ್ಯಾಡ. ಗ್ವಾಡಿ ಪೂರಾ ಆತು."

"ಯಾರು ಬರದ್ರು?" ಭಾಗ್ಯಶ್ರೀಯ ಕೈ ನಿಂತಿತು.

"ಬರಿಯೂದ್ಯಾಕ? ಫ್ಲೆಕ್ಸ್! ಒಂದ ದಿನದಾಗ ಪ್ರಿಂಟ್ ಮಾಡಿಸಿ, ಕಬ್ಬಿಣದ ಫ್ರೇಮಿಗೆ ಹಾಕಿ ಬಡದ್ರು. ಮೂವತ್ತಡಿಗೆ ಹತ್ತಡಿ. ಓಪನಿಂಗೂ ಆಗಿಹೋತು."

ಅಲ್ಲಿಯವರೆಗೆ ಟಿವಿ ನೋಡುತ್ತಿದ್ದ ಲಿಂಗಣ್ಣ ತಿರುಗಿದ. "ಯಾವ ಚಿತ್ರ ಪ್ರಿಂಟ್ ಮಾಡಿದ್ರು?"

"ಅದ, ಅಕ್ಕನ ಸ್ಯಾಂಪಲ್. ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದ್ರು."

"ಸ್ಯಾಂಪಲಿಗೆ ಎಷ್ಟು ಕೊಟ್ಟಿದ್ರು?"

"ಸ್ಯಾಂಪಲಿಗೆ ಯಾರು ಕೊಡ್ತಾರಪ್ಪ? ಸ್ಯಾಂಪಲ್ ಅಂದ್ರ ಫ್ರೀ."

ಲಿಂಗಣ್ಣ ಎದ್ದು ಟಿವಿ ಆರಿಸಿದ. ಗಂಡ ಹೀಗೆ ಟಿವಿ ಆರಿಸಿದ್ದನ್ನು ಗದಿಗೆಮ್ಮ ನೋಡಿದ್ದೇ ಕಡಿಮೆ.

"ಬಾಲಾನಗರದಾಗ ಯಾವ ಶಾಪಿಗೆ ಬೇಕಾದ್ರ ಹೋಗಿ ಕೇಳು. ಸ್ಯಾಂಪಲ್ ಪೀಸಿಗೆ ಎರಡು ಪಟ್ಟು ದರ. ಯಾಕ? ಸಾವಿರ ಪೀಸು ತಗಿಯೂದು ಮಷೀನು. ಮೊದಲನೇ ಪೀಸು ತಗಿಯೂದು ಮನುಷ್ಯಾನ ತಲಿ. ಅಳತಿ ಹಚ್ಚೂದು, ಕಟ್ ಮಾಡೂದು, ಕೆಟ್ಟದ್ದು ಒಗದು ಮತ್ತ ಮಾಡೂದು, ಎಲ್ಲಾ ಅದರಾಗ ಐತಿ. ಸ್ಯಾಂಪಲ್ ಒಂದು ಶಾಪಿಲೆ ಮಾಡಿಸಿ, ಆರ್ಡರ್ ಇನ್ನೊಂದು ಶಾಪಿಗೆ ಕೊಟ್ಟ ಪಾರ್ಟಿಗೆ ನಮ್ಮ ಲೈನಿನಾಗ ಮತ್ತ ಯಾರೂ ಮಷೀನ್ ಹಚ್ಚಂಗಿಲ್ಲ. ಕಳ್ಳ ಅಂತೀವಿ ನಾವು ಅವಗ."

"ಅಪ್ಪಾ, ಅದು ನಟ್ಟು ಬೋಲ್ಟಿನ ಲೆಕ್ಕ—"

"ಲೆಕ್ಕ ಒಂದ. ನಂಗ ಇಷ್ಟು ದಿನ ತಿಳೀಲಿಲ್ಲ, ಅದು ನನ್ನ ತಪ್ಪು. ಬಣ್ಣ ಬಳಿಯೂದು ಅಂದ್ಕೊಂಡಿದ್ದೆ. ಅದು ಡ್ರಾಯಿಂಗ್." ಅವನು ಮಗಳ ಕಡೆ ನೋಡಿದ. "ಒರಿಜಿನಲ್ ಎಲ್ಲೈತಿ?"

"ಅವರ ಕಡೇನ ಐತಿ."

"ನಾಳೆ ರಜಾ ಹಾಕ್ತೀನಿ."

ಮರುದಿನ ಲಿಂಗಣ್ಣ ಶಾಪಿನ ಖಾಕಿ ಅಂಗಿಯನ್ನೇ ತೊಟ್ಟು ಹೊರಟ. ದಾರಿ ಗೊತ್ತಿದ್ದದ್ದು ಗದಿಗೆಮ್ಮನಿಗೆ. ಯಾವ ಬೋಗಿ, ಯಾವ ಆಟೋ ಎಂದು ಅವಳೇ ಮುಂದೆ ನಡೆದಳು. ಕಟ್ಟಡದ ಗಾಜು ಆಗಲೇ ಒರೆಸಿ ಮಿಂಚುತ್ತಿತ್ತು. ಬಾಗಿಲಿನ ಗಾರ್ಡು ಮುಂಚೆ ಇವಳು ದಿನಾ ಬಂದಾಗ ನಮಸ್ಕಾರ ಹೇಳುತ್ತಿದ್ದವನೇ. ಈಗ ಪಾಸ್ ಕೇಳಿದ. ಆನಂದನ ಹೆಸರು ಹೇಳಲು ಗದಿಗೆಮ್ಮನಿಗೆ ಮನಸ್ಸಾಗಲಿಲ್ಲ. "ಡ್ರಾಯಿಂಗಿನವರು ಬಂದಾರಂತ ಮೋಹನ್ ಸರ್‌ಗೆ ಹೇಳಪ್ಪ" ಎಂದಳು.

ನಲವತ್ತು ನಿಮಿಷದ ಮೇಲೆ ಮೋಹನ್ ಇಳಿದು ಬಂದ. ಅವನ ಹಿಂದೆ ಗೋಡೆ ಕಾಣುತ್ತಿತ್ತು. ಫ್ಲೆಕ್ಸ್ ಹೊಳೆಯುತ್ತಿತ್ತು. ದೊಡ್ಡದು ಮಾಡುವಾಗ ಬಂಡೆಗಳ ಬಣ್ಣ ಬಿಳಿಚಿತ್ತು, ಆಡು ಕಾಯುವವನ ಮುಖ ಒಡೆದು ಚುಕ್ಕೆಯಾಗಿತ್ತು. ಫ್ರೇಮಿನ ಮೊಳೆ ಬಡಿದಲ್ಲಿ ಪ್ಲಾಸ್ಟರ್ ಬಿರಿದು ಫ್ಲೆಕ್ಸಿನ ಮೂಲೆ ಎದ್ದು, ಶಿವದೇವಿ ಹೇಳಿದ ಮೇಲೆ ಮಗಳು ಕಪ್ಪು ಹೆಚ್ಚಿಸಿದ್ದ ಗುಂಡಿನ ಒಂದು ಅಂಚು ಇಣುಕುತ್ತಿತ್ತು.

"ಓಪನಿಂಗಿಗೆ ನಿಮ್ಮ ಮಗಳು ಬರಲೇ ಇಲ್ಲ. ಶಾಲು, ಮೆಮೆಂಟೋ ಎಲ್ಲ ಇಟ್ಟಿದ್ದೆವು" ಎಂದ ಮೋಹನ್.

"ಮನಿಯಾಗ ಶಾಲು ಐತ್ರಿ" ಎಂದ ಲಿಂಗಣ್ಣ, ತನ್ನ ಒರಟು ಹಿಂದಿಯಲ್ಲಿ. "ಡ್ರಾಯಿಂಗ್ ವಾಪಸ್ ಕೊಡ್ರಿ."

"ಪ್ರಿಂಟ್ ಆಗಿಹೋಗಿದೆ, ಈಗ ಅದರಿಂದ ನಿಮಗೇನು ಉಪಯೋಗ?"

"ನಿಮಗ ಉಪಯೋಗ ಆತಲ್ಲ. ನಮಗೂ ಆಗ್ತೈತಿ. ಪ್ರಿಂಟಿನವಗ ಎಷ್ಟು ಕೊಟ್ರಿ?"

"ಚದರಡಿಗೆ ಹನ್ನೆರಡು. ಫ್ರೇಮ್ ಬೇರೆ."

"ಚಿತ್ರಕ್ಕ?"

"ಚಿತ್ರ ನಮ್ಮ ಹತ್ತಿರವೇ ಇತ್ತಲ್ಲ."

ಇದನ್ನು ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಪ್ರಿಂಟಿನವನಿಗೆ, ಕಬ್ಬಿಣಕ್ಕೆ, ಮೊಳೆಗೆ, ಮೊಳೆ ಬಡಿದವನಿಗೆ ದುಡ್ಡು ಹೋಗಿತ್ತು. ಯಾವುದು ಇಲ್ಲದಿದ್ದರೆ ಇದೊಂದೂ ಇಲ್ಲವೋ ಆ ಚಿತ್ರ ಮಾತ್ರ "ಹತ್ತಿರವೇ ಇತ್ತು". ಹಾಳೆ ಕೈಗೆ ಬರುವವರೆಗೂ ಲಿಂಗಣ್ಣ ಆ ಜಾಗ ಬಿಟ್ಟು ಕದಲಲಿಲ್ಲ. ಕುರ್ಚಿ ಕೊಟ್ಟರೂ ಕೂರಲಿಲ್ಲ. ಕೊನೆಗೆ ಯಾರೋ ಅದನ್ನು ಸುರುಳಿ ಸುತ್ತಿ ತಂದರು. ಆಕಾಶದ ಮೇಲೆ ಕಪ್ಪು ಮಾರ್ಕರಿನಲ್ಲಿ ಪ್ರಿಂಟಿಂಗಿನವರ ಅಳತೆ ಗೀಚಿತ್ತು.

ಆನಂದನ ಪರ್ಮನೆಂಟ್ ಫೈಲು ಮುಂದಕ್ಕೆ ಹೋಯಿತು. ಏಜೆನ್ಸಿಯ ಇನ್ನೊಂದು ಮೂರು ತಿಂಗಳು. "ನಾ ಹೊಟ್ಟಿ ಕಟ್ಟಿ ಹದಿನಾಲ್ಕು ತಿಂಗಳು ನಿಂತಿದ್ದೆ. ನೀವು ಇಬ್ಬರೂ ಒಂದ ದಿನದಾಗ ಬಂದು ಕೆಡಿಸಿದ್ರಿ" ಎಂದು ಬಾಗಿಲು ಬಡಿದು ಹೋದ. ಅವನ ಮಾತಿನಲ್ಲೂ ಸುಳ್ಳಿರಲಿಲ್ಲ. ಗದಿಗೆಮ್ಮ ಅವನ ಕಾಲರು ತಿಕ್ಕಿ ತೊಳೆದು ಹಾಕಿದಳು. ಅವನು ಆ ಅಂಗಿ ತೊಟ್ಟುಕೊಂಡು ಹೋದ. ಲಿಂಗಣ್ಣ ಹೆಡ್‌ಮಾಸ್ಟರಿಗೆ ಮಗಳು ಬರುವುದಿಲ್ಲವೆಂದೂ ಹೇಳಲಿಲ್ಲ, ಬರುತ್ತಾಳೆಂದೂ ಹೇಳಲಿಲ್ಲ. ಒಂದನೇ ತಾರೀಖಿಗೆ ಒಂದೇ ವಾರ ಉಳಿಯಿತು.

ಆ ವಾರದ ಒಂದು ಸಂಜೆ ನಾಲ್ವರೂ ಊಟಕ್ಕೆ ಕೂತಿದ್ದಾಗ ಭಾಗ್ಯಶ್ರೀಯ ಮೊಬೈಲ್ ರಿಂಗಾಯಿತು. ಲಿಂಗಂಪಲ್ಲಿಯಿಂದ ಸೀತಾರಾಮ ಎಂಬ ಬಿಲ್ಡರು. ಹುಲಗೇಶ ಈಗ ಅವನ ಅಪಾರ್ಟ್‌ಮೆಂಟಿನಲ್ಲಿ ಗಾರೆ ಮಾಡಿಸುತ್ತಿದ್ದ. ಮಕ್ಕಳ ಆಟದ ಜಾಗದ ಕಾಂಪೌಂಡಿಗೆ ಚಿತ್ರ ಬೇಕೆಂದಾಗ ಅವನೇ ನಂಬರು ಕೊಟ್ಟನಂತೆ. ಮೊದಲು ಒಂದು ಸ್ಯಾಂಪಲ್ ಬರೆದು ತನ್ನಿ ಎಂದ ಬಿಲ್ಡರು.

ಭಾಗ್ಯಶ್ರೀ ಎಡಗೈಯಲ್ಲಿ ಫೋನ್ ಹಿಡಿದು ತೆಲುಗಿನಲ್ಲಿ ಹೇಳಿದಳು. "ಸ್ಯಾಂಪಲ್‌ಗೆ ಎರಡು ಸಾವಿರ, ಮುಂಗಡ. ಗೋಡೆಗೆ ಚದರಡಿಗೆ ಎಂಬತ್ತು."

ಅರ್ಧ ಗಂಟೆಯಲ್ಲಿ ಹೇಳುತ್ತೇನೆ ಎಂದು ಬಿಲ್ಡರು ಫೋನ್ ಇಟ್ಟ.

"ಎಂಬತ್ತು ಯಾಕಂದಿ?"

ಕೇಳಿದವನು ಆನಂದ. ಅಕ್ಕನೊಂದಿಗೆ ಅವನು ಮಾತಾಡಿ ವಾರಗಳೇ ಆಗಿದ್ದವು. ಮತ್ತೆ ಜಗಳ ಶುರುವಾಯಿತೆಂದು ಗದಿಗೆಮ್ಮ ಸೌಟು ಕೆಳಗಿಟ್ಟಳು.

"ಜಾಸ್ತಿ ಆತು ಅಂತಿ?" ಭಾಗ್ಯಶ್ರೀ ತಲೆ ಎತ್ತಲಿಲ್ಲ.

"ಫ್ಲೆಕ್ಸ್ ತಗಸಾಕತ್ತಾರ" ಎಂದ ಅವನು, ತಾಟು ನೋಡುತ್ತ. "ಅಮೆರಿಕಾದವರು ಚೀಪ್ ಕಾಣ್ತೈತಿ ಅಂದ್ರಂತ. ಮುಂಬೈಲಿಂದ ಒಬ್ಬ ಆರ್ಟಿಸ್ಟ್ ಬರ್ತಾನ. ಅವನ ವಿಮಾನದ ಟಿಕೆಟ್ಟು, ಹೋಟೆಲ್ ರೂಮು ನಾನ ಬುಕ್ ಮಾಡಿದೆ ಇವತ್ತ. ಚದರಡಿಗೆ ಆರುನೂರು."

"ಅದ ಗ್ವಾಡಿಗೆ?" ಎಂದ ಲಿಂಗಣ್ಣ.

"ಅದ ಗ್ವಾಡಿಗೆ. ಅಕ್ಕ ಬರದದ್ದರ ಮ್ಯಾಲ ಪ್ರೈಮರ್ ಹೊಡಿಯಾಕತ್ತಾರ."

"ಬಜೆಟ್ ಇಲ್ಲಂದಿದ್ರಲ್ಲ" ಎಂದಳು ಭಾಗ್ಯಶ್ರೀ ಬಹಳ ಮೆಲ್ಲಗೆ.

"ನಮಗ ಇರಲಿಲ್ಲ" ಎಂದ ಆನಂದ.

ಗದಿಗೆಮ್ಮ ಮಗಳ ಮುಂದಿದ್ದ ತಾಟನ್ನು ಪಕ್ಕಕ್ಕೆ ಸರಿಸಿದಳು. ಆ ಜಾಗದಲ್ಲಿ ಫೋನ್ ಇಟ್ಟಳು.

"ಮಾಡು."

"ಅವ್ವಾ, ಅವರ ಅರ್ಧ ತಾಸಿನಾಗ ಮಾಡ್ತೀನಿ ಅಂದಾರ—"

"ಅವರು ಎಂಬತ್ತಕ್ಕ ಹೂಂ ಅನ್ನೂಕಿಂತ ಮೊದಲ ಮಾಡು."

"ಏನಂತ ಹೇಳ್ಲಿ?"

ತಾಯಿ ಮಗನ ಕಡೆ ನೋಡಿದಳು. ದರ ಯಾವ ಕಟ್ಟಡದಲ್ಲಿ ಎಷ್ಟು ನಡೆಯುತ್ತದೆ ಎಂಬುದು ಆ ಮನೆಯಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೇ.

"ನೂರಾ ಐವತ್ತು" ಎಂದ ಆನಂದ. "ಬಣ್ಣ ಅವರದ."

"ಸ್ಯಾಂಪಲಿಂದು ಬ್ಯಾರೆ" ಎಂದ ಲಿಂಗಣ್ಣ.

ಭಾಗ್ಯಶ್ರೀ ಕೈ ತೊಳೆದುಕೊಂಡು ಬಂದು ನಂಬರು ಒತ್ತಿದಳು. ಆ ಕಡೆಯವರು ಎತ್ತಿದಾಗ ಮೂವರಿಗೂ ಕೇಳುವಂತೆ, ನೆಟ್ಟಗೆ ಕೂತು ಹೇಳಿದಳು.

"ಸೀತಾರಾಮ್ ಗಾರೂ, ಭಾಗ್ಯಶ್ರೀ ಮಾತಾಡುತ್ತಿದ್ದೇನೆ. ಆಗ ಹೇಳಿದ ದರ ತಪ್ಪಾಗಿತ್ತು. ಈಗ ಹೇಳುತ್ತೇನೆ, ಬರೆದುಕೊಳ್ಳಿ."